‘ಕೀಳಿಸಿಬಿಡಿ’ ಎನ್ನುವ ಮಾತಿನ ಹಿಂದಿನ ಚರಿತ್ರೆ

ಲಿಂಗದಹಳ್ಳಿ ಹೋಬಳಿಯಲ್ಲಿ ಯಾರಾದರೂ ಹಲ್ಲುನೋವೆಂದು ಕೆನ್ನೆ ಹಿಡಿದು ಕೂತರೆ ಸುತ್ತಲಿನವರಿಂದ ಬರುವ ಮೊದಲ ಸಲಹೆ: ‘ಕೀಳಿಸಿಬಿಡಿ, ಕಾಟ ತಪ್ಪುತ್ತೆ.’ ಅದರ ಬೆನ್ನಿಗೇ ಎರಡನೆಯದು: ‘ಮೇಲಿನ ಹಲ್ಲಾದರೆ ಮಾತ್ರ ಹುಷಾರು, ಕಣ್ಣಿಗೆ ಹೊಡೆಯುತ್ತೆ.’ ವಸಡಿನಲ್ಲಿ ರಕ್ತ ಬರುತ್ತಿದೆ ಎಂದರೆ ಮೂರನೆಯದೂ ಸಿದ್ಧವಾಗಿರುತ್ತದೆ: ‘ಕ್ಲೀನ್ ಗೀನ್ ಮಾಡಿಸಬೇಡಿ, ಗಟ್ಟಿ ಇರೋ ಹಲ್ಲೂ ಅಲ್ಲಾಡೋಕೆ ಶುರುವಾಗುತ್ತೆ.’ ಈ ಮೂರು ಮಾತನ್ನು ನಾವು ತರೀಕೆರೆಯ ಬಸ್ಸಿನಲ್ಲಿ ಕೇಳಿದ್ದೇವೆ, ಅಡಿಕೆ ಸುಲಿಯುವ ಚಪ್ಪರದಲ್ಲಿ ಕೇಳಿದ್ದೇವೆ, ಅಜ್ಜಂಪುರ, ಕಡೂರು ಕಡೆಯ ಮೇಷ್ಟರುಗಳ ಬಾಯಲ್ಲೂ ಕೇಳಿದ್ದೇವೆ.

ಇವನ್ನು ಮೂಢನಂಬಿಕೆ ಎಂದು ಒಂದೇ ಏಟಿಗೆ ತಳ್ಳಿಹಾಕುವುದು ಸುಲಭ. ಹಾಗೆ ಮಾಡಿದರೆ ಒಂದು ಸಂಗತಿ ಕೈತಪ್ಪುತ್ತದೆ. ಈ ಮಾತುಗಳಿಗೆ ವಯಸ್ಸಿದೆ. ಕೆಲವಕ್ಕೆ ಸಾವಿರ ವರ್ಷ ದಾಟಿದೆ. ಇವನ್ನು ಮೊದಲು ಹೇಳಿದವರು ದಡ್ಡರಲ್ಲ. ಅವರು ಕಂಡಿದ್ದು ನಿಜ, ಅದಕ್ಕೆ ಕೊಟ್ಟ ಕಾರಣ ತಪ್ಪಾಗಿತ್ತು, ಅಷ್ಟೆ. ಹಲ್ಲನ್ನು ಉಳಿಸುವ ಇವತ್ತಿನ ಚಿಕಿತ್ಸೆಗಳ ವಯಸ್ಸಾದರೋ ಅದಕ್ಕಿಂತ ಬಹಳ ಕಡಿಮೆ. ನಮ್ಮ ಕಡೆಗೆ ಅವು ಬಂದು ನಲವತ್ತೈವತ್ತು ವರ್ಷವಾಗಿರಬಹುದು. ಭಯ ಮೊದಲು ಬಂತು, ಚಿಕಿತ್ಸೆ ಆಮೇಲೆ ಬಂತು. ಈ ನಡುವಿನ ಅಂತರದಲ್ಲಿ ನಮ್ಮ ಹಿರಿಯರ ಹಲ್ಲುಗಳೆಲ್ಲ ಹೋದವು.

ಹುಳುಕಿನೊಳಗಿನ ಹುಳು

ಕನ್ನಡದಲ್ಲಿ ಕೆಟ್ಟ ಹಲ್ಲಿಗೆ ‘ಹುಳುಕು ಹಲ್ಲು’ ಅನ್ನುತ್ತೇವೆ. ಪದದೊಳಗೇ ಹುಳು ಕೂತಿದೆ. ಯಾರದಾದರೂ ಗುಟ್ಟು ಹೊರಬಿದ್ದಾಗ ‘ಹುಳುಕು ಬಯಲಾಯಿತು’ ಎನ್ನುವುದೂ ಇಲ್ಲಿಂದಲೇ. ಹಲ್ಲನ್ನು ಹುಳು ತಿನ್ನುತ್ತದೆ ಎಂಬ ನಂಬಿಕೆ ನಮ್ಮದೊಂದೇ ಅಲ್ಲ. ಮೆಸೊಪೊಟೇಮಿಯಾದ ಮಣ್ಣಿನ ಫಲಕಗಳಲ್ಲಿ ಹಲ್ಲಿನ ಹುಳುವನ್ನು ಓಡಿಸುವ ಮಂತ್ರ ಇದೆ. ಸುಶ್ರುತ ಸಂಹಿತೆ ಹುಳುಕು ಹಲ್ಲಿಗೆ ‘ಕೃಮಿದಂತಕ’ ಎಂದೇ ಹೆಸರಿಡುತ್ತದೆ. ಕಪ್ಪಾಗುವುದು, ತೂತು ಬೀಳುವುದು, ಅಲ್ಲಾಡುವುದು, ಊದಿಕೊಳ್ಳುವುದು, ಕಾರಣವಿಲ್ಲದೆ ನೋಯುವುದು ಎಂದು ಅದು ಕೊಡುವ ಲಕ್ಷಣಗಳನ್ನು ಇವತ್ತಿನ ದಂತವೈದ್ಯರೂ ಒಪ್ಪುತ್ತಾರೆ. ಬಾಯಿಯ ರೋಗಗಳು ಒಟ್ಟು 65 ಎಂದು ಲೆಕ್ಕ ಹಾಕಿದ ಆ ಗ್ರಂಥ ಹಲ್ಲಿಗೆ 8, ಹಲ್ಲಿನ ಬುಡಕ್ಕೆ, ಅಂದರೆ ವಸಡಿಗೆ, 15 ರೋಗ ಹೇಳುತ್ತದೆ. ಹಲ್ಲಿಗಿಂತ ವಸಡಿನ ಕಾಯಿಲೆಯೇ ಹೆಚ್ಚು ಎಂದು ಆಗಲೇ ಗೊತ್ತಿತ್ತು.

ನಮ್ಮ ಕಡೆ ಹುಳು ತೆಗೆಯುವ ವಿಧಾನ ಇತ್ತು. ನೆಲಗುಳ್ಳದ ಒಣಬೀಜವನ್ನು ಕೆಂಡದ ಮೇಲೆ ಹಾಕಿ, ಕೊಳವೆಯಲ್ಲಿ ಹೊಗೆಯನ್ನು ಬಾಯಿಗೆ ಹಿಡಿಸುವುದು. ಆಮೇಲೆ ನೀರಿಗೆ ಉಗಿದರೆ ಬಿಳಿ ಎಳೆಯಂಥದ್ದು ತೇಲುತ್ತಿತ್ತು. ‘ನೋಡಿ, ಹುಳ’ ಎಂದು ತೋರಿಸುತ್ತಿದ್ದರು. ಯುರೋಪಿನಲ್ಲೂ ಬೇರೊಂದು ಗಿಡದ ಬೀಜದ ಹೊಗೆಯಿಂದ ಇದೇ ಆಟ ನಡೆಯುತ್ತಿತ್ತು. 1757ರಲ್ಲಿ ಜರ್ಮನಿಯ ಪಾದ್ರಿ ಯಾಕೋಬ್ ಕ್ರಿಶ್ಚಿಯನ್ ಶೆಫರ್ ಹಲ್ಲಿನ ಈ ಕಲ್ಪಿತ ಹುಳುಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಹುಳು ಅಂತ ತೋರಿಸುತ್ತಿದ್ದದ್ದು ಕಾವಿಗೆ ಒಡೆದ ಬೀಜದೊಳಗಿನ ಮೊಳಕೆಯ ಎಳೆ. ಹಲ್ಲುನೋವಿನವರು ಇಲ್ಲದಿದ್ದರೂ ಬೀಜ ಸುಟ್ಟರೆ ಅದು ಬರುತ್ತದೆ.

ಹಾಗಾದರೆ ಹಲ್ಲನ್ನು ತಿನ್ನುವುದು ಯಾರು? ಉತ್ತರ ಬಂದದ್ದು 1890ರಲ್ಲಿ. ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್, ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ಹುಳಿ ಮಾಡುತ್ತವೆ, ಆ ಹುಳಿ ಅಥವಾ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ತೋರಿಸಿದ. ಹಿಟ್ಟು ರಾತ್ರಿಯಿಡೀ ಇಟ್ಟರೆ ಹುಳಿ ಬರುವುದನ್ನು ಬಲ್ಲ ನಮಗೆ ಇದು ಕಷ್ಟದ ಮಾತಲ್ಲ. ನಮ್ಮ ಪೂರ್ವಿಕರ ಊಹೆ ಪೂರ್ತಿ ಸುಳ್ಳೂ ಆಗಲಿಲ್ಲ. ತಿನ್ನುವ ಜೀವಿ ಇತ್ತು. ಅದು ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ, ಹೊಗೆಗೆ ಹೆದರಿ ಓಡುವಂಥದ್ದೂ ಆಗಿರಲಿಲ್ಲ.

ಬೆಲ್ಲ, ಮೇಣ, ಎಕ್ಕದ ಹಾಲು

ತೂತು ಬಿದ್ದ ಹಲ್ಲನ್ನು ತುಂಬಿಸುವ ಯೋಚನೆಯೂ ಹೊಸದಲ್ಲ. ಸುಮಾರು 7ನೇ ಶತಮಾನದ ವಾಗ್ಭಟನ ಅಷ್ಟಾಂಗ ಹೃದಯದಲ್ಲಿ, ಹಲ್ಲಿನ ಪೊಳ್ಳಿಗೆ ಬೆಲ್ಲ ಅಥವಾ ಜೇನುಮೇಣ ತುಂಬಿ ಕಾದ ಕಡ್ಡಿಯಿಂದ ಸುಡಬೇಕೆಂದಿದೆ. ಎಕ್ಕದ ಹಾಲು, ಸಪ್ತಪರ್ಣಿ ಮರದ ಹಾಲು ತುಂಬುವುದೂ ಅಲ್ಲೇ ಇದೆ. ಇವತ್ತಿಗೂ ಹಳ್ಳಿಗಳಲ್ಲಿ ಎಕ್ಕದ ಹಾಲನ್ನು ಹತ್ತಿಯಲ್ಲಿ ಅದ್ದಿ ಹುಳುಕಿಗೆ ಇಡುವವರಿದ್ದಾರೆ. ಅವರು ವಾಗ್ಭಟನನ್ನು ಓದಿದವರಲ್ಲ. ಬಾಯಿಂದ ಬಾಯಿಗೆ ಬಂದ ಮದ್ದು ಅದು. ನೋವು ನಿಂತರೂ ನಿಲ್ಲುತ್ತದೆ, ಯಾಕೆಂದರೆ ಆ ಹಾಲು ಸುಡುತ್ತದೆ. ಪಕ್ಕದ ವಸಡನ್ನೂ ಸುಡುತ್ತದೆ.

ಮನೆಮದ್ದುಗಳ ಪೈಕಿ ಗೆದ್ದದ್ದು ಲವಂಗ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ನರವನ್ನು ಕೊಂಚ ಮರಗಟ್ಟಿಸುತ್ತದೆ. ಅದನ್ನು ಜಿಂಕ್ ಆಕ್ಸೈಡ್ ಪುಡಿಯ ಜೊತೆ ಕಲಸಿದ ಸಿಮೆಂಟನ್ನು ದಂತವೈದ್ಯರು ತಾತ್ಕಾಲಿಕವಾಗಿ ಹಲ್ಲು ಮುಚ್ಚಲು ಈಗಲೂ ಬಳಸುತ್ತಾರೆ. ಹಲ್ಲಿನ ಆಸ್ಪತ್ರೆಯ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವ ವಾಸನೆ ನಮ್ಮ ಅಡುಗೆಮನೆಯ ಲವಂಗದ್ದೇ.

19ನೇ ಶತಮಾನದಲ್ಲಿ ಪಾದರಸಕ್ಕೆ ಬೆಳ್ಳಿ, ತವರ, ತಾಮ್ರದ ಪುಡಿ ಬೆರೆಸಿ ತುಂಬಿಸುವ ಪದ್ಧತಿ ಹರಡಿತು. ನಮ್ಮವರು ‘ಬೆಳ್ಳಿ ತುಂಬಿಸಿದ್ದು’ ಎನ್ನುವುದು ಇದನ್ನೇ. ಅಗ್ಗ, ಗಟ್ಟಿ, ದಶಕಗಟ್ಟಲೆ ಬಾಳಿಕೆ. ಪಾದರಸದಿಂದ ಪರಿಸರಕ್ಕಾಗುವ ಹಾನಿಯ ಕಾರಣಕ್ಕೆ 2013ರ ಮಿನಮಾಟ ಒಪ್ಪಂದದ ನಂತರ ಅದರ ಬಳಕೆಯನ್ನು ಜಗತ್ತು ಕಡಿಮೆ ಮಾಡುತ್ತಿದೆ. ಈಗ ಹಲ್ಲಿನ ಬಣ್ಣದ ಕಾಂಪೊಸಿಟ್ ಮತ್ತು ಗ್ಲಾಸ್ ಅಯೊನೊಮರ್ ಸಿಮೆಂಟ್ ಬಂದಿವೆ. ಈ ಎರಡನೆಯದು ನಮ್ಮಂಥ ಊರುಗಳಿಗೆ ಮುಖ್ಯ. 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ಕರೆಂಟೇ ಇಲ್ಲದ ಹಳ್ಳಿಗಳಲ್ಲಿ, ಡ್ರಿಲ್ ಇಲ್ಲದೆ, ಬರೀ ಕೈ ಉಪಕರಣದಿಂದ ಮೆತ್ತಗಾದ ಹುಳುಕನ್ನು ಕೆರೆದು ತೆಗೆದು ಹಲ್ಲು ತುಂಬಿಸುವ ವಿಧಾನ ಹುಟ್ಟಿತು. ಮುಂದೆ ಅದಕ್ಕೆ ಒಗ್ಗಿದ್ದು ಹಲ್ಲಿಗೆ ತಾನೇ ಅಂಟಿಕೊಳ್ಳುವ ಈ ಸಿಮೆಂಟು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಯಿಯ ಆರೋಗ್ಯದ ವರ್ಷ ಆಚರಿಸಿದಾಗ ಈ ವಿಧಾನವನ್ನು ಎತ್ತಿ ಹಿಡಿಯಿತು. ಶಾಲೆಯ ಜಗಲಿಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿಯೂ ಮಾಡಬಹುದಾದ ಚಿಕಿತ್ಸೆ ಇದು.

ಮೇಲಿನ ಹಲ್ಲು ಮತ್ತು ಕಣ್ಣು

ಈಗ ದೊಡ್ಡ ಭಯಕ್ಕೆ ಬರೋಣ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಮಾತು ಹಳ್ಳಿಯ ಕಟ್ಟೆಯಲ್ಲಿ ಹುಟ್ಟಿದ್ದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲೇ ಇದು ಸಿಗುತ್ತದೆ. ಮೇಲಿನ ಹಲ್ಲನ್ನು ಬೇರುಸಹಿತ ಕಿತ್ತರೆ ರಕ್ತ ವಿಪರೀತ ಹೋಗಿ, ರೋಗಿ ಕುರುಡಾಗಬಹುದು, ಮುಖ ಸೊಟ್ಟಗಾಗಬಹುದು, ಆದ್ದರಿಂದ ಅಲ್ಲಾಡುತ್ತಿದ್ದರೂ ಮೇಲಿನ ಹಲ್ಲಿಗೆ ವೈದ್ಯ ಕೈ ಹಚ್ಚಬಾರದು ಎಂದು ಅದು ಎಚ್ಚರಿಸುತ್ತದೆ. ಅಂದರೆ ಇವತ್ತು ಲಿಂಗದಹಳ್ಳಿಯಲ್ಲಿ ನಾವು ಕೇಳುವ ಮಾತು ಒಂದು ಕಾಲದ ಶಸ್ತ್ರವೈದ್ಯದ ನಿಯಮವೇ ಆಗಿತ್ತು.

ಆ ಕಾಲಕ್ಕೆ ನಿಯಮ ಸರಿಯಿತ್ತು. ಮೇಲಿನ ಕೋರೆಹಲ್ಲಿನ ಬುಡದಲ್ಲಿ ಕೀವು ಕಟ್ಟಿದರೆ ಕೆನ್ನೆ ಊದಿ ಕಣ್ಣೇ ಮುಚ್ಚಿಹೋಗುತ್ತದೆ. ಮುಖದ ರಕ್ತನಾಳಗಳ ಮೂಲಕ ಆ ಸೋಂಕು ಅಪರೂಪಕ್ಕೆ ಕಣ್ಣಿನ ಹಿಂಭಾಗಕ್ಕೂ, ಮಿದುಳಿನ ಬಳಿಗೂ ಏರಬಹುದು. ಪೆನಿಸಿಲಿನ್ ಸಾರ್ವತ್ರಿಕವಾಗಿ ಸಿಕ್ಕಿದ್ದು 1940ರ ದಶಕದಲ್ಲಿ. ಅದಕ್ಕೆ ಮೊದಲು ಹೀಗಾದವರು ದೃಷ್ಟಿ ಕಳೆದುಕೊಂಡದ್ದು, ಪ್ರಾಣ ಕಳೆದುಕೊಂಡದ್ದು ನಿಜ. ಕೀವಿದ್ದ ಹಲ್ಲನ್ನು ಶುಚಿಯಿಲ್ಲದ ಇಕ್ಕಳದಲ್ಲಿ ಎಳೆದು, ಆಮೇಲೆ ಕಣ್ಣು ಹೋದರೆ, ನೋಡಿದವರು ಕಿತ್ತಿದ್ದಕ್ಕೇ ಹೋಯಿತು ಎಂದುಕೊಂಡರು. ಹೋದದ್ದು ಸೋಂಕಿನಿಂದ. ದೃಷ್ಟಿಯ ನರವೇ ಬೇರೆ, ಮೇಲಿನ ಹಲ್ಲುಗಳ ನರವೇ ಬೇರೆ. ಇವತ್ತು ಬೋರಲು ಬಿದ್ದಿರುವುದು ಇಷ್ಟು: ಕೀಳಿಸಲು ಹೆದರಿ ಕೀವಿನ ಹಲ್ಲನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದೇ ಕಣ್ಣಿಗೆ ಹೆಚ್ಚು ಅಪಾಯ.

ನೋವಿನ ಭಯವೂ ಹಾಗೆಯೇ. ಜರ್ಮನಿಯಲ್ಲಿ ಪ್ರೊಕೇನ್ ಇಂಜೆಕ್ಷನ್ ಬಂದದ್ದು 1905ರಲ್ಲಿ. ಇವತ್ತು ಎಲ್ಲೆಡೆ ಬಳಸುವ ಲಿಡೊಕೇನನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು 1943ರಲ್ಲಿ. ಅದಕ್ಕೂ ಮೊದಲಿನ ಚೀರಾಟದ ನೆನಪು ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿದುಬಂತು. ಔಷಧಿಗಿಂತ ಕಥೆಗೆ ಕಾಲು ಚುರುಕು.

ಸಂತೆಯ ಇಕ್ಕಳದಿಂದ ಕಾಲೇಜಿನ ಕುರ್ಚಿಗೆ

ಹಲ್ಲು ಕೀಳುವವರು, ಹಲ್ಲು ಕಟ್ಟುವವರು ಸಂತೆ, ಜಾತ್ರೆಗಳಲ್ಲಿ ಕೂರುತ್ತಿದ್ದರು. ಮುಂದೊಂದು ಬಟ್ಟೆ ಹಾಸಿ, ಗಾಜಿನ ಪೆಟ್ಟಿಗೆಯಲ್ಲಿ ಕಟ್ಟುಹಲ್ಲಿನ ಸೆಟ್ಟು ಜೋಡಿಸಿ, ಕಿತ್ತ ಹಲ್ಲುಗಳ ಗುಡ್ಡೆಯನ್ನೇ ಜಾಹೀರಾತು ಮಾಡಿಕೊಂಡಿರುತ್ತಿದ್ದರು. ಹೋದ ಹಲ್ಲಿನ ಜಾಗಕ್ಕೆ ಹೊಸದನ್ನು ಪಕ್ಕದ ಗಟ್ಟಿ ಹಲ್ಲುಗಳಿಗೆ ತಂತಿ, ಅಕ್ರಿಲಿಕ್ ಅಂಟಿನಿಂದ ಬಿಗಿಯುವುದು ಇವರ ಕಸುಬು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆ ಅಂಟಿನ ಕೆಳಗೆ ಅನ್ನದಗುಳು ಕೊಳೆತು, ಒಂದೆರಡು ವರ್ಷದಲ್ಲಿ ಗಟ್ಟಿಯಿದ್ದ ಎರಡೂ ಹಲ್ಲು ಅಲ್ಲಾಡುತ್ತವೆ.

ಇವರನ್ನು ಬೈಯುವ ಮೊದಲು ಕಾನೂನಿನ ಇತಿಹಾಸ ನೋಡಬೇಕು. ದೇಶದ ಮೊದಲ ದಂತ ಕಾಲೇಜನ್ನು ಡಾ. ಆರ್. ಅಹ್ಮದ್ ಕಲ್ಕತ್ತದಲ್ಲಿ ತೆರೆದದ್ದು 1920ರಲ್ಲಿ. ದಂತವೈದ್ಯರ ಕಾಯ್ದೆ ಬಂದದ್ದು 1948ರಲ್ಲಿ. ಆಗ ಪದವಿ ಪಡೆದವರ ಸಂಖ್ಯೆ ಎಷ್ಟು ಕಡಿಮೆ ಇತ್ತೆಂದರೆ, ನೋಂದಣಿ ಪಟ್ಟಿಯನ್ನು ಎರಡು ಭಾಗ ಮಾಡಬೇಕಾಯಿತು. ಪದವಿ ಇದ್ದವರು ‘ಎ’ ಭಾಗ. ಪದವಿ ಇಲ್ಲದಿದ್ದರೂ ಕನಿಷ್ಠ 5 ವರ್ಷ ಇದೇ ಕಸುಬಿನಿಂದ ಹೊಟ್ಟೆ ಹೊರೆದವರು ‘ಬಿ’ ಭಾಗ. ಪಟ್ಟಿಗೆ ಸೇರದವರು ಈ ಕಸುಬು ಮಾಡಬಾರದೆಂದು ಕಾಯ್ದೆ ಹೇಳಿತು. ಆದರೆ ಅವರ ಜಾಗಕ್ಕೆ ಬರಬೇಕಾದ ಡಾಕ್ಟರು ಹಳ್ಳಿಗೆ ಬರಲಿಲ್ಲ. ಸಂತೆಯವರು ಉಳಿದರು.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಶುರುವಾದವು. ಎರಡೂ ನಮಗೆ ದೂರ. ತರೀಕೆರೆ ಸೀಮೆಯ ಮಟ್ಟಿಗೆ ನಿಜವಾದ ತಿರುವು 1979. ಆ ವರ್ಷ ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು ಆರಂಭವಾಯಿತು. 1990ರ ದಶಕದಲ್ಲಿ ಶಿವಮೊಗ್ಗಕ್ಕೂ ದಂತ ಕಾಲೇಜು ಬಂತು. ಕಾಲೇಜು ಅಂದರೆ ವಿದ್ಯಾರ್ಥಿಗಳಿಗೆ ಕಲಿಯಲು ರೋಗಿಗಳು ಬೇಕು, ಹಾಗಾಗಿ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ. ‘ದಾವಣಗೆರೆಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದೆ’ ಎನ್ನುವ ಮಾತು ನಮ್ಮೂರುಗಳಲ್ಲಿ ಕೇಳಿಬರತೊಡಗಿದ್ದು ಈ ಕಾಲದಲ್ಲಿ.

ರೂಟ್ ಕೆನಾಲ್ ಎಂಬ ಪದವೂ ಅಲ್ಲಿಂದಲೇ ಊರಿಗೆ ಬಂತು. ಹಲ್ಲಿನೊಳಗೆ ನರ, ರಕ್ತನಾಳ ಇರುವ ಸಣ್ಣ ಕೋಣೆ ಇದೆ. ಹುಳುಕು ಅಲ್ಲಿಯವರೆಗೆ ಇಳಿದರೆ ಬರೀ ಮೇಲೆ ತುಂಬಿಸಿ ಪ್ರಯೋಜನವಿಲ್ಲ. ಆ ಕೋಣೆಯನ್ನು, ಬೇರಿನ ಸಂದಿಗಳನ್ನು ಸ್ವಚ್ಛ ಮಾಡಿ, ಗಟ್ಟಾಪರ್ಚ ಎಂಬ ಅಂಟಿನಿಂದ ಮುಚ್ಚುತ್ತಾರೆ. ಅದು ಮಲಯದ ಕಾಡಿನ ಮರವೊಂದರ ಹಾಲು. 19ನೇ ಶತಮಾನದಲ್ಲಿ ಸಮುದ್ರದ ತಳದ ಟೆಲಿಗ್ರಾಫ್ ಕೇಬಲ್ಲುಗಳಿಗೆ ಹೊದಿಸುತ್ತಿದ್ದದ್ದೂ ಅದನ್ನೇ. ವಾಗ್ಭಟನ ಕಾಲದಲ್ಲಿ ಎಕ್ಕದ ಹಾಲು, ಈಗ ಈ ಮರದ ಹಾಲು. ವ್ಯತ್ಯಾಸ ಇರುವುದು ತುಂಬುವ ಮೊದಲು ಮಾಡುವ ಸ್ವಚ್ಛತೆಯಲ್ಲಿ.

ಇಲ್ಲಿ ಎರಡು ವಿಷಯ ಊರಿನವರು ತಿಳಿದಿರಬೇಕು. ಒಂದು, ಜೋರಾಗಿ ನೋಯುತ್ತಿದ್ದ ಹಲ್ಲು ತಾನಾಗಿ ಸುಮ್ಮನಾದರೆ ವಾಸಿಯಾಯಿತು ಎಂದಲ್ಲ. ಎಷ್ಟೋ ಸಲ ಒಳಗಿನ ನರ ಸತ್ತಿರುತ್ತದೆ, ಕೀವು ಕೆಳಗೆ ನಿಧಾನಕ್ಕೆ ಸೇರುತ್ತಿರುತ್ತದೆ. ಮೆಡಿಕಲ್ ಶಾಪಿನ ಎರಡು ಮಾತ್ರೆ ನೋವನ್ನು ಮುಚ್ಚುತ್ತದೆ, ಹುಳುಕನ್ನಲ್ಲ. ಎರಡು, ರೂಟ್ ಕೆನಾಲ್ ಆದ ದವಡೆ ಹಲ್ಲು ಪೆಡಸಾಗಿರುತ್ತದೆ. ಮೇಲೆ ಕ್ಯಾಪ್ ಹಾಕಿಸದಿದ್ದರೆ ಸೀಳುವ ಸಂಭವ ಹೆಚ್ಚು. ದುಡ್ಡು ಸಾಲದೆ ಕ್ಯಾಪ್ ಬಿಟ್ಟವರ ಹಲ್ಲು ಮುರಿದಾಗ ‘ರೂಟ್ ಕೆನಾಲ್ ಮಾಡಿಸಿದರೂ ಹೋಯಿತು’ ಎಂಬ ಸುದ್ದಿ ಹಬ್ಬುತ್ತದೆ. ಹೊಸ ಚಿಕಿತ್ಸೆಯ ಬಗ್ಗೆ ಹೊಸ ಭಯ ಹೀಗೆ ಹುಟ್ಟುತ್ತದೆ.

ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆಯೇ?

ಹುಳುಕು ನೋವು ಕೊಟ್ಟು ಕೂಗುತ್ತದೆ. ವಸಡಿನ ಕಾಯಿಲೆ ಸದ್ದು ಮಾಡುವುದಿಲ್ಲ. ಉಜ್ಜುವಾಗ ಸ್ವಲ್ಪ ರಕ್ತ, ಬೆಳಿಗ್ಗೆ ಬಾಯಿ ವಾಸನೆ, ಅಷ್ಟೆ. ಹಲ್ಲಿನ ಮೇಲೆ ದಿನವೂ ಕೂರುವ ಲೋಳೆಯಂಥ ಪದರ ತೆಗೆಯದೆ ಬಿಟ್ಟರೆ ಎಂಜಲಿನ ಸುಣ್ಣದಂಶ ಸೇರಿ ಕಲ್ಲಾಗುತ್ತದೆ. ಸುಶ್ರುತ ಇದನ್ನು ‘ದಂತಶರ್ಕರಾ’ ಎಂದು ಕರೆದು, ವಸಡಿಗೆ ಗಾಯವಾಗದಂತೆ ಕೆರೆದು ತೆಗೆಯಬೇಕು ಎಂದಿದ್ದಾನೆ. ಅಂದರೆ ನಾವು ಹೊಸತೆಂದು ಹೆದರುವ ‘ಕ್ಲೀನಿಂಗ್’ ಎರಡು ಸಾವಿರ ವರ್ಷದ ಹಿಂದೆಯೇ ಇತ್ತು. 1950ರ ದಶಕದಲ್ಲಿ ಬಂದ ಅಲ್ಟ್ರಾಸಾನಿಕ್ ಯಂತ್ರ ಅದನ್ನೇ ಕಂಪನದಿಂದ, ನೀರು ಚಿಮ್ಮಿಸುತ್ತಾ ಮಾಡುತ್ತದೆ.

ಮತ್ತೆ ಅಲ್ಲಾಡುವುದೇಕೆ? ಆ ಕಲ್ಲು ವರ್ಷಗಟ್ಟಲೆ ವಸಡಿನ ಕೆಳಗೆ ಇಳಿದು ಹಲ್ಲು ಹಿಡಿದಿರುವ ಎಲುಬು ಕರಗಿರುತ್ತದೆ. ಹಲ್ಲು ಆಗಲೇ ಸಡಿಲವಾಗಿರುತ್ತದೆ. ಕಲ್ಲು ಮಾತ್ರ ನಾಲ್ಕಾರು ಹಲ್ಲುಗಳನ್ನು ಗಾರೆಯಂತೆ ಹಿಡಿದಿರುತ್ತದೆ. ಅದನ್ನು ತೆಗೆದಾಗ ಸಂದಿ ಕಾಣುತ್ತದೆ, ಅಲ್ಲಾಟ ಗೊತ್ತಾಗುತ್ತದೆ. ಬಿದ್ದ ಗೋಡೆಗೆ ಒರಗಿದ್ದ ಸೌದೆ ತೆಗೆದವನ ಮೇಲೆ ತಪ್ಪು ಹೊರಿಸಿದಂತೆ ಇದು. ಬೇಗ ಹೋದರೆ ಒಂದು ಸಲ ಕೆರೆಸಿದರೆ ಸಾಕು. ತಡವಾದರೆ ಬೇರಿನವರೆಗೆ ಸ್ವಚ್ಛ ಮಾಡಬೇಕು, ಇನ್ನೂ ತಡವಾದರೆ ವಸಡನ್ನು ಬಿಡಿಸಿ ಶಸ್ತ್ರಚಿಕಿತ್ಸೆ. ಕರಗಿದ ಎಲುಬು ಬಹುಮಟ್ಟಿಗೆ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಬೇಗ ಹದಗೆಡುತ್ತದೆ. ಎಲೆಯಡಿಕೆ, ಹೊಗೆಸೊಪ್ಪು ಬಾಯಲ್ಲಿ ಒತ್ತರಿಸಿಕೊಳ್ಳುವವರಿಗೂ ಹಾಗೆಯೇ. ಅಡಿಕೆ ನಮ್ಮ ಸೀಮೆಯ ಅನ್ನ, ಅದನ್ನು ಬಲ್ಲೆವು. ಬಾಯಿಯ ಲೆಕ್ಕ ಬೇರೆ.

ವಸಡಿನ ಬಗ್ಗೆ ಜಗತ್ತು ಕಲಿತದ್ದರಲ್ಲಿ ನಮ್ಮಂಥವರ ಪಾಲೂ ಇದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹಾರಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸರಿಹೋಯಿತು. ಅದೇ ವಿಜ್ಞಾನಿ 1970ರಲ್ಲಿ ಶ್ರೀಲಂಕಾದ ಟೀ ತೋಟಗಳ 480 ಗಂಡಸು ಕೂಲಿಗಳ ಬಾಯಿ ನೋಡಲು ಶುರುಮಾಡಿ 1985ರವರೆಗೆ ಹಿಂಬಾಲಿಸಿದರು. ದಂತವೈದ್ಯರ ಮುಖವನ್ನೇ ಕಾಣದ ತಮಿಳು ತೋಟಗಾರರು ಅವರು. ಅವರಲ್ಲಿ ಶೇ. 8ರಷ್ಟು ಜನಕ್ಕೆ ಕಾಯಿಲೆ ಬಹಳ ವೇಗವಾಗಿ ಏರಿತು, ಶೇ. 81ರಷ್ಟು ಜನಕ್ಕೆ ಮಧ್ಯಮ ವೇಗದಲ್ಲಿ ಏರಿತು, ಶೇ. 11ರಷ್ಟು ಜನರಲ್ಲಿ ಊತದಾಚೆಗೆ ಹೋಗಲೇ ಇಲ್ಲ. ಚಿಕಿತ್ಸೆ ಸಿಗದ ತೋಟದ ಕೂಲಿಗಳ ಬಾಯಿಂದ ಬಂದ ಈ ಅಂಕಿಗಳು ಇವತ್ತು ಜಗತ್ತಿನ ದಂತವೈದ್ಯ ಪುಸ್ತಕಗಳಲ್ಲಿವೆ. ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಕಾಫಿ ತೋಟಕ್ಕೆ ಹೋಗಿಬರುವವರನ್ನು ದಿನವೂ ನೋಡುವ ನಮಗೆ ಆ 480 ಮಂದಿ ಹೊರಗಿನವರು ಅನ್ನಿಸುವುದಿಲ್ಲ.

ಹಲ್ಲುಜ್ಜುವ ಪದ್ಧತಿ ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಬೇವಿನ ಕಡ್ಡಿ, ಇದ್ದಿಲು, ಉಪ್ಪು ಇದ್ದವು. 1913ರಲ್ಲಿ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಕಟ್ಟಿದ ಮೇಲೆ ಗುಲಾಬಿ ಬಣ್ಣದ ನಂಜನಗೂಡು ಹಲ್ಲುಪುಡಿ ಮನೆಮನೆಗೆ ಹೋಯಿತು. ಕೊರತೆ ಇದ್ದದ್ದು ಒಂದೇ. ಬೆರಳು ಹಲ್ಲಿನ ಮುಖವನ್ನು ತೊಳೆಯುತ್ತದೆ, ಸಂದಿಯನ್ನೂ ವಸಡಿನ ಅಂಚನ್ನೂ ಮುಟ್ಟುವುದಿಲ್ಲ. ಕಾಯಿಲೆ ಶುರುವಾಗುವುದು ಅಲ್ಲೇ.

ಕೊನೆಗೆ ಉಳಿಯುವುದು ದಾರಿಯ ಲೆಕ್ಕ

ಇಷ್ಟೆಲ್ಲ ತಿಳಿದ ಮೇಲೂ ಜನ ಕೀಳಿಸುವುದನ್ನೇ ಯಾಕೆ ಆರಿಸುತ್ತಾರೆ? ಇಲ್ಲಿ ನಂಬಿಕೆಯ ಪಾಲು ಕಡಿಮೆ, ಲೆಕ್ಕದ ಪಾಲು ಹೆಚ್ಚು. ಕೀಳಿಸಲು ಒಂದು ದಿನ ಸಾಕು. ರೂಟ್ ಕೆನಾಲಿಗೆ ಎರಡು ಮೂರು ಸಲ ಹೋಗಬೇಕು, ಆಮೇಲೆ ಕ್ಯಾಪಿಗೆ ಅಳತೆ ಕೊಡಲು ಒಂದು ಸಲ, ಹಾಕಿಸಿಕೊಳ್ಳಲು ಇನ್ನೊಂದು ಸಲ. ಹೋದ ಪ್ರತಿ ಸಲವೂ ಬಸ್ ಚಾರ್ಜು, ತಪ್ಪಿದ ಕೂಲಿ. ಖಾಸಗಿಯಲ್ಲಾದರೆ ಒಂದು ಹಲ್ಲಿಗೆ ವಾರಗಳ ದುಡಿಮೆ. ಕೊಯ್ಲಿನ ಸಮಯದಲ್ಲಿ ಐದು ದಿನ ಬಿಡುವವರು ಯಾರು? ‘ಮುದ್ದೆ ನುಂಗೋಕೆ ಹಲ್ಲು ಯಾಕೆ ಬೇಕು’ ಎಂದು ನಗುತ್ತಾ ಕೀಳಿಸಿಕೊಳ್ಳುತ್ತಾರೆ. ಆ ನಗುವಿನೊಳಗೆ ಲೆಕ್ಕ ಮುಗಿದಿರುತ್ತದೆ.

ಕಳೆದ ದಶಕದಲ್ಲಿ ರಾಜ್ಯ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದು, ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಕಟ್ಟುಹಲ್ಲು ಕೊಡಿಸಿತು. ಒಳ್ಳೆಯ ಯೋಜನೆ. ಬಾಯಿ ಬೋಡಾಗಿದ್ದ ಎಷ್ಟೋ ಮಂದಿ ಮತ್ತೆ ರೊಟ್ಟಿ ತಿಂದರು. ಆದರೆ ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲೂ ಹೊಂದುತ್ತದೆ. ಹಲ್ಲು ಇದ್ದ ನಲವತ್ತು ವರ್ಷ ಚಿಕಿತ್ಸೆ ದೂರದಲ್ಲಿತ್ತು, ಎಲ್ಲ ಹೋದ ಮೇಲೆ ಯೋಜನೆ ಬಾಗಿಲಿಗೆ ಬಂತು.

ಶುರುವಾಗಬೇಕಾದ ಜಾಗ ಒಂದನೇ ತರಗತಿ. ಆರನೇ ವರ್ಷದ ಹೊತ್ತಿಗೆ ಮಕ್ಕಳಿಗೆ ಮೊದಲ ಕಾಯಂ ದವಡೆ ಹಲ್ಲು ಬರುತ್ತದೆ. ಯಾವ ಹಾಲುಹಲ್ಲೂ ಬೀಳದೆ, ಹಿಂದೆ ಸುಮ್ಮನೆ ಮೂಡುವುದರಿಂದ ತಂದೆತಾಯಿ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ‘ಬಿದ್ದು ಹೊಸದು ಬರುತ್ತೆ ಬಿಡು’ ಎನ್ನುತ್ತಾರೆ. ಅದು ಬಿದ್ದರೆ ಹೊಸದು ಬರುವುದಿಲ್ಲ. ಎಷ್ಟೋ ಮಂದಿ ಮೊದಲು ಕಳೆದುಕೊಳ್ಳುವ ಹಲ್ಲೇ ಅದು. ಡ್ರಿಲ್ ಇಲ್ಲದೆ, ಕರೆಂಟ್ ಇಲ್ಲದೆ, ಶಾಲೆಯ ಜಗಲಿಯಲ್ಲೇ ಅದರ ಹುಳುಕನ್ನು ತುಂಬಿಸುವ ವಿದ್ಯೆ ಟಾಂಜಾನಿಯಾದ ಹಳ್ಳಿಗಳಿಗೆ ಹೋಗಿ ನಲವತ್ತು ವರ್ಷವಾಗುತ್ತಾ ಬಂತು. ಲಿಂಗದಹಳ್ಳಿಯ ಶಾಲೆಗಳಿಗೆ ಅದು ವರ್ಷಕ್ಕೊಮ್ಮೆಯಾದರೂ ಬರಬೇಕು ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಬಾಯಿಮಾತು. ಇಷ್ಟು ವರ್ಷ ಭಯವನ್ನು ಹೊತ್ತು ತಂದದ್ದೂ ಅದೇ. ಇನ್ನು ಯಾರಾದರೂ ಕೆನ್ನೆ ಹಿಡಿದು ಕೂತರೆ ‘ಕೀಳಿಸಿಬಿಡಿ’ ಎನ್ನುವ ಮೊದಲು ‘ಉಳಿಸಬಹುದಾ ಅಂತ ಒಂದು ಸಲ ಕೇಳಿ ನೋಡಿ’ ಎನ್ನೋಣ.